ಕಾಲೇಜೋ, ಸಿಸಿಎನ್‌ಎಯೋ? ಕರಾವಳಿ ಮನೆಗಳ ಹೊಸ ಪ್ರಶ್ನೆ

ಪಿಯುಸಿ ಫಲಿತಾಂಶ ಬಂದ ಮರುದಿನದಿಂದ ಭಟ್ಕಳ, ಹೊನ್ನಾವರ, ಕುಮಟಾಗಳ ಮನೆಗಳಲ್ಲಿ ಒಂದೇ ಮಾತು: ‘ಮುಂದೇನು?’ ಹಿಂದೆ ಈ ಪ್ರಶ್ನೆಗೆ ಬೆರಳೆಣಿಕೆಯ ಉತ್ತರಗಳಿದ್ದವು. ಅಂಕ ಚೆನ್ನಾಗಿದ್ದರೆ ಎಂಜಿನಿಯರಿಂಗ್ ಅಥವಾ ವೈದ್ಯಕೀಯ. ಇಲ್ಲದಿದ್ದರೆ ಊರಿನ ಕಾಲೇಜಿನಲ್ಲಿ ಬಿ.ಕಾಂ. ಇಲ್ಲವೆ ಬಿ.ಎಸ್ಸಿ.; ಅದೂ ಬೇಡವೆಂದರೆ ಮುಂಬಯಿಯಲ್ಲೋ ಕೊಲ್ಲಿ ರಾಷ್ಟ್ರಗಳಲ್ಲೋ ಇರುವ ಸಂಬಂಧಿಕರ ಆಸರೆ. ಈಗ ಆ ಸಾಲಿಗೆ ಮತ್ತೊಂದು ಉತ್ತರ ಸೇರಿಕೊಂಡಿದೆ. ‘ಕಾಲೇಜು ಬೇಡ, ನೆಟ್‌ವರ್ಕಿಂಗ್ ಸರ್ಟಿಫಿಕೇಟ್ ಮಾಡ್ತೇನೆ. ಆರು ತಿಂಗಳು ಸಾಕು, ಕೆಲಸ ಸಿಗ್ತದೆ’ ಎಂದು ಮಗ ಹೇಳುತ್ತಾನೆ. ಹೂಂ ಎನ್ನಬೇಕೋ ಊಹೂಂ ಎನ್ನಬೇಕೋ ತಿಳಿಯದೆ ಪಾಲಕರು ಮುಖ ಮುಖ ನೋಡಿಕೊಳ್ಳುತ್ತಾರೆ.

ಮಗನ ಮಾತು ಪೂರ್ತಿ ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ. ಮೂರು ವರ್ಷದ ಕಾಲೇಜು ಶುಲ್ಕ, ವಿದ್ಯಾರ್ಥಿನಿಲಯದ ಖರ್ಚು, ಅದಕ್ಕಾಗಿ ಮಾಡುವ ಸಾಲ ಎಲ್ಲವೂ ಈ ಒಂದು ನಿರ್ಧಾರದ ಮೇಲೆ ನಿಂತಿರುವಾಗ, ಸರ್ಟಿಫಿಕೇಟ್ ಎಂಬುದು ಯಾವ ಬಾಗಿಲು ತೆರೆಯುತ್ತದೆ, ಯಾವುದನ್ನು ತೆರೆಯಲಾರದು ಎಂಬುದನ್ನು ಪ್ರವೇಶದ ಅರ್ಜಿ ತುಂಬುವ ಮುನ್ನವೇ ತಿಳಿದುಕೊಳ್ಳುವುದು ಲೇಸು.

ಏನಿದು ಸಿಸಿಎನ್‌ಎ?

1998 ಕರಾವಳಿಗೆ ನೆನಪಿಡುವಂಥ ವರ್ಷ. ಆ ವರ್ಷದ ಜನವರಿ 26ರಂದು ಕೊಂಕಣ ರೈಲು ಮಾರ್ಗ ಪೂರ್ಣವಾಗಿ ತೆರೆದುಕೊಂಡಿತು. ಭಟ್ಕಳ, ಹೊನ್ನಾವರ, ಕುಮಟಾಗಳಿಂದ ಮುಂಬಯಿಗೂ ಮಂಗಳೂರಿಗೂ ನೇರ ಹಳಿ ದೊರಕಿತು. ರಾಜ್ಯದ ಎಂಜಿನಿಯರಿಂಗ್ ಕಾಲೇಜುಗಳನ್ನೆಲ್ಲ ಒಂದೇ ಸೂರಿನಡಿ ತಂದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಬೆಳಗಾವಿಯಲ್ಲಿ ಆರಂಭವಾದದ್ದೂ ಅದೇ ವರ್ಷ. ಅಮೆರಿಕದ ಸಿಸ್ಕೊ ಕಂಪನಿ ‘ಸಿಸ್ಕೊ ಸರ್ಟಿಫೈಡ್ ನೆಟ್‌ವರ್ಕ್ ಅಸೋಸಿಯೇಟ್’ ಎಂಬ ಪರೀಕ್ಷೆಯನ್ನು ಶುರುಮಾಡಿದ್ದೂ ಅದೇ ವರ್ಷ. ಇದೇ ಸಿಸಿಎನ್‌ಎ. ಕಂಪ್ಯೂಟರ್‌ಗಳನ್ನು ಒಂದಕ್ಕೊಂದು ಜೋಡಿಸುವ ರೂಟರ್, ಸ್ವಿಚ್‌ಗಳನ್ನು ತಯಾರಿಸುವ ಕಂಪನಿಗೆ ಅವುಗಳನ್ನು ನಡೆಸಬಲ್ಲವರೂ ಬೇಕಿತ್ತು. ಹಾಗೆ ಹುಟ್ಟಿದ ಪರೀಕ್ಷೆ ಇದು.

ಇದನ್ನು ಬರೆಯಲು ಪದವಿ ಬೇಕಿಲ್ಲ, ಪಿಯುಸಿಯೂ ಕಡ್ಡಾಯವಲ್ಲ. 18 ತುಂಬದವರು ಪಾಲಕರ ಒಪ್ಪಿಗೆಯೊಂದಿಗೆ ಬರೆಯಬಹುದು. ಅವಧಿ 120 ನಿಮಿಷ. ಪ್ರಶ್ನೆಗಳು ಇಂಗ್ಲಿಷಿನಲ್ಲಿ, ಕನ್ನಡದಲ್ಲಿ ಬರೆಯುವ ಅವಕಾಶವಿಲ್ಲ. ಒಂದು ಪ್ರಶ್ನೆ ದಾಟಿ ಮುಂದೆ ಹೋದರೆ ಹಿಂದಿರುಗಿ ತಿದ್ದುವಂತಿಲ್ಲ. ಶುಲ್ಕ 300 ಡಾಲರ್; ತೆರಿಗೆ ಸೇರಿಸಿದರೆ ನಮ್ಮ ಲೆಕ್ಕದಲ್ಲಿ ಸುಮಾರು 30 ಸಾವಿರ ರೂಪಾಯಿ. ನಪಾಸಾದರೆ ಐದು ದಿನ ಕಾದು, ಪೂರ್ತಿ ಶುಲ್ಕವನ್ನು ಮತ್ತೆ ಕಟ್ಟಿ ಬರೆಯಬೇಕು. ದೊಡ್ಡ ನಗರಗಳಲ್ಲಿರುವ ಪಿಯರ್ಸನ್ ವ್ಯೂ ಸಂಸ್ಥೆಯ ಕೇಂದ್ರಗಳಲ್ಲಿ ಬರೆಯಬಹುದು, ಇಲ್ಲವೆ ಮನೆಯಲ್ಲೇ ಕ್ಯಾಮೆರಾ ಕಣ್ಗಾವಲಿನಲ್ಲಿ ಬರೆಯಬಹುದು. ಮಳೆಗಾಲದಲ್ಲಿ ಗಂಟೆಗೊಮ್ಮೆ ಕರೆಂಟು ಹೋಗುವ ಊರಿನವರಿಗೆ ಕೇಂದ್ರಕ್ಕೆ ಹೋಗಿ ಬರೆಯುವುದೇ ಕ್ಷೇಮ.

ಸಿಸಿಎನ್‌ಎ ಒಂದೇ ಅಲ್ಲ. ಕಾಂಪ್‌ಟಿಯಾ ಸಂಸ್ಥೆಯ ‘ನೆಟ್‌ವರ್ಕ್ ಪ್ಲಸ್’ ಯಾವುದೇ ಕಂಪನಿಯ ಯಂತ್ರಕ್ಕೆ ಅಂಟಿಕೊಳ್ಳದ, ಮೂಲತತ್ವಗಳ ಪರೀಕ್ಷೆ. ರೆಡ್ ಹ್ಯಾಟ್‌ನ ಆರ್‌ಎಚ್‌ಸಿಇ ಲಿನಕ್ಸ್ ಬಲ್ಲವರಿಗೆ. ಅದರಲ್ಲಿ ಉತ್ತರಕ್ಕೆ ಗುರುತು ಹಾಕುವ ಮಾತಿಲ್ಲ, ಯಂತ್ರದ ಮುಂದೆ ಕುಳಿತು ಕೆಲಸ ಮಾಡಿ ತೋರಿಸಬೇಕು. ಸಿಸ್ಕೊದ ಮೆಟ್ಟಿಲುಗಳಲ್ಲಿ ಸಿಸಿಎನ್‌ಎ ಮೇಲೆ ಸಿಸಿಎನ್‌ಪಿ, ಅದರ ಮೇಲೆ ಸಿಸಿಐಇ. 1993ರಲ್ಲಿ ಆರಂಭವಾದ ಸಿಸಿಐಇಯ ಪ್ರಯೋಗ ಪರೀಕ್ಷೆಯೊಂದೇ ಎಂಟು ತಾಸು ನಡೆಯುತ್ತದೆ.

ಪಿನ್‌ಕೋಡಿನಲ್ಲಿ ಅಡಗಿದ ಪಾಠ

ಕಲಿಯುವುದಾದರೂ ಏನನ್ನು? ಇದಕ್ಕೆ ಅಂಚೆಯ ಉದಾಹರಣೆ ಸಾಕು. ಭಟ್ಕಳದ ಪಿನ್‌ಕೋಡ್ 581320, ಹೊನ್ನಾವರದ್ದು 581334, ಕುಮಟಾದ್ದು 581343. ಮೂರಕ್ಕೂ ಮೊದಲ ಮೂರು ಅಂಕಿ ಒಂದೇ, 581. ದೆಹಲಿಯಲ್ಲಿ ಕಾಗದ ವಿಂಗಡಿಸುವವನಿಗೆ ಭಟ್ಕಳದ ಬೀದಿಗಳು ಗೊತ್ತಿರಬೇಕಿಲ್ಲ. ಮೊದಲ ಅಂಕಿಗಳನ್ನು ನೋಡಿ ಸರಿಯಾದ ಚೀಲಕ್ಕೆ ಹಾಕಿದರೆ ಆಯಿತು. ಮನೆ ಹುಡುಕುವುದು ಕೊನೆಯ ಅಂಚೆಯಣ್ಣನ ಕೆಲಸ.

ರೂಟರ್ ಮಾಡುವುದೂ ಇದನ್ನೇ. ಪ್ರತಿ ಕಂಪ್ಯೂಟರಿಗೂ ಒಂದು ಐಪಿ ವಿಳಾಸ ಇರುತ್ತದೆ. ಅದರ ಮುಂಭಾಗ ಯಾವ ಜಾಲ ಎಂಬುದನ್ನು, ಹಿಂಭಾಗ ಆ ಜಾಲದಲ್ಲಿ ಯಾವ ಯಂತ್ರ ಎಂಬುದನ್ನು ಹೇಳುತ್ತದೆ. ರೂಟರ್ ಮುಂಭಾಗವನ್ನಷ್ಟೇ ನೋಡಿ ಮಾಹಿತಿಯ ಪೊಟ್ಟಣವನ್ನು ಮುಂದಿನ ರೂಟರಿಗೆ ದಾಟಿಸುತ್ತದೆ. ಈಗ ಒಂದು ಕಾಲೇಜಿಗೆ 256 ವಿಳಾಸಗಳ ಒಂದು ಜಾಲ ಇದೆ ಎನ್ನೋಣ. ಕಚೇರಿ, ಗ್ರಂಥಾಲಯ, ಪ್ರಯೋಗಾಲಯ, ಪರೀಕ್ಷಾ ವಿಭಾಗ ಬೇರೆ ಬೇರೆಯಾಗಿರಬೇಕು. ವಿದ್ಯಾರ್ಥಿ ಕುಳಿತ ಯಂತ್ರದಿಂದ ಪ್ರಶ್ನೆಪತ್ರಿಕೆ ಇರುವ ಯಂತ್ರಕ್ಕೆ ದಾರಿ ಇರಬಾರದು. ಜಾಲವನ್ನು ನಾಲ್ಕು ಪಾಲು ಮಾಡಿದರೆ ಪ್ರತಿ ಪಾಲಿಗೆ 64 ವಿಳಾಸ. ಅದರಲ್ಲಿ ಒಂದು ಜಾಲದ ಹೆಸರಿಗೆ, ಇನ್ನೊಂದು ಎಲ್ಲರಿಗೂ ಒಟ್ಟಿಗೆ ಕೂಗಿ ಹೇಳುವುದಕ್ಕೆ ಮೀಸಲು. ಉಳಿದದ್ದು 62. ಈ ಲೆಕ್ಕಕ್ಕೆ ‘ಸಬ್‌ನೆಟ್ಟಿಂಗ್’ ಎಂದು ಹೆಸರು. ಇದನ್ನು ಕ್ಯಾಲ್ಕುಲೇಟರ್ ಇಲ್ಲದೆ ಮಾಡಬಲ್ಲವನಿಗೆ ಸಿಸಿಎನ್‌ಎಯ ಅರ್ಧ ಭಯ ಹೋದಂತೆಯೇ.

ಪರೀಕ್ಷೆಯ ಹಂಚಿಕೆಯೂ ಸ್ಪಷ್ಟವಾಗಿದೆ: ಮೂಲಪಾಠ ಶೇ 20, ಸ್ವಿಚ್ ಮತ್ತು ನಿಸ್ತಂತು ಜಾಲ ಶೇ 20, ರೂಟಿಂಗ್ ಶೇ 25, ಜಾಲದ ಸೇವೆಗಳು ಶೇ 10, ಸುರಕ್ಷತೆ ಶೇ 15, ಸ್ವಯಂಚಾಲನೆ ಶೇ 10. ಕೊನೆಯ ಭಾಗ 2020ರ ಫೆಬ್ರುವರಿಯ ಬದಲಾವಣೆಯಲ್ಲಿ ತೂಕ ಪಡೆಯಿತು. ಒಂದೊಂದೇ ರೂಟರಿನ ಮುಂದೆ ಕುಳಿತು ಆದೇಶ ಟೈಪು ಮಾಡುವ ಕಾಲ ಹೋಗುತ್ತಿದೆ, ನೂರು ರೂಟರುಗಳಿಗೆ ಒಂದೇ ಪ್ರೋಗ್ರಾಂ ಆದೇಶ ಕೊಡುವ ಕಾಲ ಬರುತ್ತಿದೆ ಎಂಬುದರ ಸೂಚನೆ ಅದು.

ಊರಲ್ಲೇ ಇರುವ ಪಾಠಶಾಲೆ

ಜಾಲದ ಕೆಲಸ ಬೆಂಗಳೂರಿನಲ್ಲಿ ಮಾತ್ರ ಎಂಬ ಭಾವನೆ ತಪ್ಪು. ಬ್ಯಾಂಕಿನ ಶಾಖೆ, ಸಹಕಾರಿ ಸಂಘ, ಆಸ್ಪತ್ರೆ, ಮುರ್ಡೇಶ್ವರ ಮತ್ತು ಗೋಕರ್ಣದ ವಸತಿಗೃಹಗಳು, ಎಲ್ಲ ಕಡೆಯೂ ಈಗ ಜಾಲ ಇದೆ. ಟಿವಿ ಕೇಬಲ್ ಎಳೆಯುತ್ತಿದ್ದವರೇ ಇಂದು ಮನೆಮನೆಗೆ ಇಂಟರ್‌ನೆಟ್ ಕೊಡುತ್ತಿದ್ದಾರೆ. ಗ್ರಾಮ ಪಂಚಾಯಿತಿಗಳಿಗೆ ಆಪ್ಟಿಕಲ್ ಫೈಬರ್ ತಲುಪಿಸುವ ಯೋಜನೆಗೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟದ್ದು 2011ರಲ್ಲಿ. ಮುಂದೆ ಅದಕ್ಕೆ ಭಾರತ್‌ನೆಟ್ ಎಂದು ಹೆಸರಾಯಿತು.

ಕರಾವಳಿಯ ಹವೆಯೇ ಒಂದು ಗುರು. ಮಳೆಗಾಲದ ಮುನ್ನ ಮತ್ತು ಕೊನೆಗೆ ಬಡಿಯುವ ಸಿಡಿಲಿಗೆ ರೂಟರುಗಳು ಸುಡುತ್ತವೆ. ಉಪ್ಪುಗಾಳಿಗೆ ಹೊರಗಿನ ಕನೆಕ್ಟರುಗಳು ತುಕ್ಕು ಹಿಡಿಯುತ್ತವೆ. ತಾಮ್ರದ ಕೇಬಲ್ ನೂರು ಮೀಟರ್ ದಾಟಿದರೆ ಏಕೆ ಕೈಕೊಡುತ್ತದೆ, ಕಟ್ಟಡದಿಂದ ಕಟ್ಟಡಕ್ಕೆ ಫೈಬರ್ ಎಳೆದರೆ ಸಿಡಿಲಿನ ಕಾಟ ಏಕೆ ಕಡಿಮೆ ಎಂಬುದು ಏಣಿ ಹತ್ತಿ ಇಳಿದವನಿಗೆ ಬೇಗ ತಲೆಗೆ ಹತ್ತುತ್ತದೆ. ಊರಿನ ಕೇಬಲ್ ಆಪರೇಟರ್ ಬಳಿ ಎರಡು ತಿಂಗಳ ರಜೆಯಲ್ಲಿ ಕೆಲಸ ಮಾಡಿದ ಹುಡುಗನಿಗೆ ಸಂದರ್ಶನದಲ್ಲಿ ಹೇಳಲು ಸ್ವಂತ ಅನುಭವ ಇರುತ್ತದೆ; ಬರೀ ಪುಸ್ತಕ ಓದಿದವನಿಗೆ ಅದು ಇರುವುದಿಲ್ಲ.

ಹಾಗೆಂದು ಮೊದಲ ಕೆಲಸದ ಸ್ವರೂಪವನ್ನು ಮುಚ್ಚಿಡಬೇಕಾಗಿಲ್ಲ. ಸಿಸಿಎನ್‌ಎ ಮಾತ್ರ ಇರುವವನಿಗೆ ಸಾಮಾನ್ಯವಾಗಿ ಸಿಗುವುದು ಗ್ರಾಹಕರ ಜಾಗಕ್ಕೆ ಓಡಾಡುವ ಫೀಲ್ಡ್ ಎಂಜಿನಿಯರ್ ಕೆಲಸ ಅಥವಾ ಹಗಲಿರುಳೂ ಜಾಲದ ಮೇಲೆ ಕಣ್ಣಿಡುವ ಕೇಂದ್ರದಲ್ಲಿ ಪಾಳಿಯ ಕೆಲಸ. ರಾತ್ರಿ ಪಾಳಿ ತಪ್ಪದು. ಆರಂಭದ ಸಂಬಳದಲ್ಲಿ ಬೆಂಗಳೂರಿನ ಬಾಡಿಗೆ, ಊಟ ಕಳೆದರೆ ಮನೆಗೆ ಕಳುಹಿಸಲು ಉಳಿಯುವುದು ಕಡಿಮೆ. ಆದರೆ ಎರಡು ಮೂರು ವರ್ಷ ಹೀಗೆ ದುಡಿದು ಕಲಿತವನ ಬೆಲೆ ಏರುತ್ತದೆ ಎಂಬುದೂ ಅಷ್ಟೇ ನಿಜ.

ಎಲ್ಲಿ ಬಾಗಿಲು ಮುಚ್ಚುತ್ತದೆ?

ಸರ್ಟಿಫಿಕೇಟ್ ಒಂದು ಪ್ರಶ್ನೆಗೆ ಉತ್ತರ ಕೊಡುತ್ತದೆ: ‘ಈ ಕೆಲಸ ಇವನಿಗೆ ಇಂದು ಬರುತ್ತದೆಯೇ?’ ಆದರೆ ಲೋಕದ ಅನೇಕ ಬಾಗಿಲುಗಳಲ್ಲಿ ಕುಳಿತವರು ಕೇಳುವುದು ಈ ಪ್ರಶ್ನೆಯನ್ನಲ್ಲ. ಅವರು ಕೇಳುವುದು ‘ಪದವಿ ಎಲ್ಲಿ?’ ಎಂದು.

ಬ್ಯಾಂಕಿನ ಗುಮಾಸ್ತ ಹುದ್ದೆಯ ಪರೀಕ್ಷೆಗೂ ಪದವಿ ಬೇಕು. ಕೆಎಎಸ್, ಐಎಎಸ್ ಪರೀಕ್ಷೆಗಳಿಗೂ ಬೇಕು. ಅಲ್ಲಿ ಹತ್ತು ಸಿಸಿಎನ್‌ಎ ತೋರಿಸಿದರೂ ಅರ್ಜಿ ಸ್ವೀಕಾರವಾಗದು. ದೊಡ್ಡ ಸಾಫ್ಟ್‌ವೇರ್ ಕಂಪನಿಗಳು ಹೊಸಬರನ್ನು ಬಹುಪಾಲು ಕಾಲೇಜು ಆವರಣದಲ್ಲೇ ಆರಿಸಿಕೊಳ್ಳುತ್ತವೆ. ಆವರಣದ ಹೊರಗಿದ್ದವನಿಗೆ ಆ ಸಾಲಿನಲ್ಲಿ ಜಾಗವಿಲ್ಲ.

ಭಟ್ಕಳದಂಥ ಊರಿಗೆ ಇನ್ನೂ ಮುಖ್ಯವಾದದ್ದು ಕೊಲ್ಲಿ ರಾಷ್ಟ್ರಗಳ ನಿಯಮ. ಅಲ್ಲಿ ‘ಎಂಜಿನಿಯರ್’ ಎಂಬ ಹುದ್ದೆಯ ಹೆಸರಿಗೂ ವೀಸಾಕ್ಕೂ ಬಿಡದ ನಂಟು. ಸೌದಿ ಅರೇಬಿಯದಲ್ಲಿ ಎಂಜಿನಿಯರ್ ಆಗಿ ದುಡಿಯಲು ಅಲ್ಲಿನ ಎಂಜಿನಿಯರುಗಳ ಮಂಡಳಿಯ ಮಾನ್ಯತೆ ಬೇಕು, ಅದಕ್ಕೆ ಪದವಿ ಬೇಕು. ಕುವೈತ್ 2018ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಎಂಜಿನಿಯರುಗಳ ವಾಸದ ಪರವಾನಗಿ ನವೀಕರಣಕ್ಕೆ ಕುವೈತ್ ಎಂಜಿನಿಯರುಗಳ ಸಂಘದ ನಿರಾಕ್ಷೇಪಣಾ ಪತ್ರ ಕಡ್ಡಾಯವಾಯಿತು. ಭಾರತದವರ ಪದವಿಗೆ ರಾಷ್ಟ್ರೀಯ ಮಾನ್ಯತಾ ಮಂಡಳಿ, ಅಂದರೆ ಎನ್‌ಬಿಎ, ಮಾನ್ಯತೆ ಇದೆಯೇ ಎಂದು ನೋಡಲಾಯಿತು. ವರ್ಷಗಟ್ಟಲೆ ಅಲ್ಲೇ ದುಡಿದ ಎಂಜಿನಿಯರುಗಳೂ ಆಗ ಪೇಚಿಗೆ ಸಿಲುಕಿದರು. ಪದವಿ ಇದ್ದವರ ಪಾಡೇ ಹೀಗಾದರೆ, ಸರ್ಟಿಫಿಕೇಟ್ ಮಾತ್ರ ಹಿಡಿದು ವಿಮಾನ ಹತ್ತುವವನ ಗತಿ ಏನೆಂದು ಬೇರೆ ಹೇಳಬೇಕಿಲ್ಲ. ಆತನಿಗೆ ಕೆಲಸ ಸಿಗಬಹುದು; ಆದರೆ ಟೆಕ್ನಿಷಿಯನ್ ಎಂಬ ಹೆಸರಿನಲ್ಲಿ, ಆ ಹೆಸರಿಗೆ ತಕ್ಕ ಸಂಬಳದಲ್ಲಿ.

ಇದರಿಂದ ಎಂಜಿನಿಯರಿಂಗ್ ಸೇರುವವರಿಗೂ ಒಂದು ಪಾಠ ಇದೆ. ಕಾಲೇಜಿನ ಹೆಸರನ್ನಷ್ಟೇ ಕೇಳಿದರೆ ಸಾಲದು. ಎನ್‌ಬಿಎ ಮಾನ್ಯತೆ ಕೊಡುವುದು ಕಾಲೇಜಿಗಲ್ಲ, ಆಯಾ ವಿಭಾಗಕ್ಕೆ. ಅದೂ ನಿರ್ದಿಷ್ಟ ಅವಧಿಗೆ. ಮಗ ಸೇರಲಿರುವ ವಿಭಾಗಕ್ಕೆ ಅದು ಇದೆಯೇ ಎಂದು ಕೇಳುವ ಹಕ್ಕು ಪಾಲಕರಿಗಿದೆ.

ಅಮೆರಿಕದ ಎಚ್-1ಬಿ ವೀಸಾಕ್ಕೂ ಪದವಿ ಅಥವಾ ಅದಕ್ಕೆ ಸಮನಾದ ಅರ್ಹತೆ ಬೇಕು. ಒಂದು ವರ್ಷದ ಕಾಲೇಜಿಗೆ ಮೂರು ವರ್ಷದ ಕೆಲಸದ ಅನುಭವ ಎಂಬ ಲೆಕ್ಕ ಅಲ್ಲಿದೆ. ನಾಲ್ಕು ವರ್ಷದ ಪದವಿಯನ್ನು ಅನುಭವದಿಂದಲೇ ತುಂಬಲು ಹನ್ನೆರಡು ವರ್ಷ!

ಹಳೆಯ ಪತ್ರಗಳ ಕಥೆ

ತೊಂಬತ್ತರ ದಶಕದ ಆರಂಭದಲ್ಲಿ ಜಾಲದ ಲೋಕವನ್ನು ಆಳುತ್ತಿದ್ದದ್ದು ನೊವೆಲ್ ಕಂಪನಿಯ ನೆಟ್‌ವೇರ್. ಅದರ ಸಿಎನ್‌ಇ ಸರ್ಟಿಫಿಕೇಟ್ ಇದ್ದವನಿಗೆ ರಾಜಮರ್ಯಾದೆ. ಮೈಕ್ರೊಸಾಫ್ಟ್‌ನ ವಿಂಡೋಸ್ ಎನ್‌ಟಿ ಬಂದ ಮೇಲೆ ನೆಟ್‌ವೇರ್ ಮೂಲೆ ಸೇರಿತು. ನೊವೆಲ್ 2011ರಲ್ಲಿ ಬೇರೊಂದು ಕಂಪನಿಯ ಪಾಲಾಯಿತು. ಬಳಿಕ ಎಂಸಿಎಸ್‌ಇ ಎಂಬ ಮೈಕ್ರೊಸಾಫ್ಟ್ ಸರ್ಟಿಫಿಕೇಟಿನ ಸರದಿ. ಊರೂರಿನ ಕಂಪ್ಯೂಟರ್ ತರಬೇತಿ ಕೇಂದ್ರಗಳ ಫಲಕಗಳಲ್ಲಿ ಮೆರೆದ ಆ ಮೂರ್ನಾಲ್ಕು ಅಕ್ಷರಗಳನ್ನು ಕಂಪನಿ 2021ರ ಜನವರಿ 31ಕ್ಕೆ ನಿವೃತ್ತಿಗೊಳಿಸಿತು.

ಹಾಗಾದರೆ ಅದನ್ನು ಕಲಿತವರೆಲ್ಲ ಮುಳುಗಿದರೇ? ಇಲ್ಲ. ಗುಂಡಿ ಯಾವುದು ಒತ್ತಬೇಕು ಎಂಬುದನ್ನಷ್ಟೇ ಕಲಿತವರು ಹಿಂದೆ ಬಿದ್ದರು. ಜಾಲದ ಮೂಲತತ್ವ ಕಲಿತವರು ಹೊಸದಕ್ಕೆ ದಾಟಿಕೊಂಡರು. ಇಂದಿಗೂ ಚಾಲ್ತಿಯಲ್ಲಿರುವ ಐಪಿ ನಿಯಮದ ದಾಖಲೆ ಪ್ರಕಟವಾದದ್ದು 1981ರಲ್ಲಿ. ಈಥರ್‌ನೆಟ್ ಹುಟ್ಟಿದ್ದು 1973ರಲ್ಲಿ. ಕಂಪನಿಗಳು ಬಂದು ಹೋದರೂ ಈ ಅಡಿಗಲ್ಲುಗಳು ಕದಲಿಲ್ಲ.

ಸರ್ಟಿಫಿಕೇಟಿಗೆ ಆಯುಷ್ಯವೂ ಇದೆ ಎಂಬುದನ್ನು ಮರೆಯಬಾರದು. ಸಿಸಿಎನ್‌ಎ, ನೆಟ್‌ವರ್ಕ್ ಪ್ಲಸ್ ಎರಡೂ ಮೂರು ವರ್ಷಕ್ಕೆ ಮುಗಿಯುತ್ತವೆ. ಮತ್ತೆ ಪರೀಕ್ಷೆ ಬರೆದೋ ನಿಗದಿತ ತರಬೇತಿ ಪೂರೈಸಿಯೋ ನವೀಕರಿಸಬೇಕು. ಪದವಿ ಒಮ್ಮೆ ಬಂದರೆ ಜೀವಮಾನಕ್ಕೆ.

ಮೂರು ದಾರಿಗಳು

ಮೊದಲನೆಯದು, ಕಾಲೇಜಿನ ಜೊತೆಗೇ ಸರ್ಟಿಫಿಕೇಟ್. ಇದಕ್ಕೆ ದೂರ ಹೋಗಬೇಕಿಲ್ಲ. ಹೊನ್ನಾವರದ ಎಸ್‌ಡಿಎಂ ಕಾಲೇಜು, ಕುಮಟಾದ ಡಾ. ಎ.ವಿ. ಬಾಳಿಗಾ ಕಾಲೇಜು ಎರಡೂ ಹಳೆಯ ಸಂಸ್ಥೆಗಳು. ಭಟ್ಕಳದಲ್ಲಿ 1919ರಲ್ಲಿ ಸ್ಥಾಪನೆಯಾದ ಅಂಜುಮನ್ ಸಂಸ್ಥೆ ಎಂಜಿನಿಯರಿಂಗ್ ಕಾಲೇಜನ್ನೇ ನಡೆಸುತ್ತಿದೆ. ಊರಲ್ಲೇ ಇದ್ದು ಪದವಿ ಓದುತ್ತ ಸಂಜೆ ಎರಡು ತಾಸು ಜಾಲಕ್ಕೆ ಮೀಸಲಿಟ್ಟರೆ ಮೂರು ವರ್ಷದಲ್ಲಿ ಎರಡೂ ಕೈಗೆ ಬರುತ್ತವೆ. ಆದರೆ ಪರೀಕ್ಷೆಯನ್ನು ಮೊದಲ ವರ್ಷದಲ್ಲೇ ಬರೆಯುವ ಆತುರ ಬೇಡ. ಹಾಗೆ ಮಾಡಿದರೆ ಪದವಿ ಮುಗಿಯುವ ಹೊತ್ತಿಗೆ ಸರ್ಟಿಫಿಕೇಟ್ ಅವಧಿಯೂ ಮುಗಿಯುತ್ತದೆ. ಕೊನೆಯ ವರ್ಷ ಬರೆಯುವುದೇ ಜಾಣತನ.

ಎರಡನೆಯದು, ಕೆಲಸ ಮೊದಲು, ಪದವಿ ಜೊತೆಜೊತೆಗೆ. ತಂದೆ ತೀರಿಹೋದ, ಸಾಲ ಮೇಲೆ ಬಿದ್ದ ಮನೆಗಳಲ್ಲಿ ಮೂರು ವರ್ಷ ಕಾಯಲು ಸಾಧ್ಯವಿರುವುದಿಲ್ಲ. ಅಂಥವರಿಗೆ ಸರ್ಟಿಫಿಕೇಟ್ ನಿಜಕ್ಕೂ ಆಸರೆ. ಆದರೆ ಕೆಲಸಕ್ಕೆ ಸೇರಿದ ವರ್ಷವೇ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ ಬಿಸಿಎಯಂಥ ಕೋರ್ಸಿಗೆ ಹೆಸರು ಹಚ್ಚಬೇಕು. ‘ಮುಂದಿನ ವರ್ಷ ನೋಡೋಣ’ ಎಂದವರು ನೋಡುವುದೇ ಇಲ್ಲ. ಯಾವುದೇ ದೂರಶಿಕ್ಷಣಕ್ಕೆ ಹಣ ಕಟ್ಟುವ ಮುನ್ನ ಆ ವರ್ಷ, ಆ ಕೋರ್ಸಿಗೆ ಯುಜಿಸಿ ಮಾನ್ಯತೆ ಇದೆಯೇ ಎಂದು ಪರಿಶೀಲಿಸಬೇಕು. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯಕ್ಕೆ ಮಾನ್ಯತೆ ಇಲ್ಲವೆಂದು ಯುಜಿಸಿ 2015ರಲ್ಲಿ ಪ್ರಕಟಿಸಿ, 2018ರಲ್ಲಿ ಮತ್ತೆ ಕೊಟ್ಟಿತು. ನಡುವೆ ಸಿಕ್ಕಿಕೊಂಡ ವಿದ್ಯಾರ್ಥಿಗಳು ಪಟ್ಟ ಪಾಡು ಎಲ್ಲರಿಗೂ ಎಚ್ಚರಿಕೆಯಾಗಬೇಕು. ಕೆಲವು ಕಂಪನಿಗಳೇ ಈ ದಾರಿ ಹಾಕಿವೆ. ಎಚ್‌ಸಿಎಲ್ ತನ್ನ ‘ಟೆಕ್‌ಬೀ’ ಯೋಜನೆಯಲ್ಲಿ ಹನ್ನೆರಡನೆಯ ತರಗತಿ ಮುಗಿಸಿದವರನ್ನು ತರಬೇತಿಗೆ ತೆಗೆದುಕೊಂಡು, ಕೆಲಸದ ಜೊತೆಗೆ ಪದವಿ ಓದಲು ಅವಕಾಶ ಕೊಡುತ್ತದೆ. ವಿಪ್ರೊ ಬಿಸಿಎ, ಬಿ.ಎಸ್ಸಿ. ಪದವೀಧರರಿಗೆ ದುಡಿಯುತ್ತಲೇ ಎಂ.ಟೆಕ್. ಓದಿಸುವ ಯೋಜನೆ ನಡೆಸುತ್ತದೆ.

ಮೂರನೆಯದು, ಎಸ್ಸೆಸ್ಸೆಲ್ಸಿ ಬಳಿಕದ ಡಿಪ್ಲೊಮಾ. ಮುರ್ಡೇಶ್ವರದಲ್ಲಿ ಪಾಲಿಟೆಕ್ನಿಕ್ ಇದೆ. ಮೂರು ವರ್ಷದ ಡಿಪ್ಲೊಮಾ ಮುಗಿಸಿದವರು ನೇರವಾಗಿ ಬಿ.ಇ. ಎರಡನೆಯ ವರ್ಷಕ್ಕೆ ಸೇರಬಹುದು. ಮನೆಯಲ್ಲಿ ಅಡಚಣೆ ಬಂದರೆ ಅಲ್ಲಿಗೇ ನಿಲ್ಲಿಸಿ ಕೆಲಸಕ್ಕೂ ಹೋಗಬಹುದು. ಕೈಕೆಲಸದ ಆಸಕ್ತಿ ಇರುವವರಿಗೆ ಇದು ಒಳ್ಳೆಯ ನಡುದಾರಿ.

ಹೆಣ್ಣುಮಕ್ಕಳ ವಿಷಯದಲ್ಲಿ ಒಂದು ಮಾತು. ದೂರದ ಊರಿಗೆ ಕಳುಹಿಸಲು ಹಿಂಜರಿಯುವ ಮನೆಗಳಲ್ಲಿ ಸಮೀಪದ ಕಾಲೇಜಿನ ಯಾವುದಾದರೊಂದು ಪದವಿಗೆ ತೃಪ್ತಿಪಡುವುದುಂಟು. ಜಾಲದ ಪಾಠವನ್ನು ಮನೆಯ ಕಂಪ್ಯೂಟರಿನಲ್ಲೇ ಕಲಿಯಬಹುದು. ಪದವಿಯ ಜೊತೆ ಇದೂ ಸೇರಿದರೆ ಆಕೆಗೆ ತನ್ನ ಕಾಲ ಮೇಲೆ ನಿಲ್ಲುವ ದಾರಿಯೊಂದು ಹೆಚ್ಚುತ್ತದೆ.

ಮೋಸ ಹೋಗದಿರಿ

ಕೆಲಸದ ‘ಗ್ಯಾರಂಟಿ’ ಕೊಟ್ಟು ಲಕ್ಷಗಟ್ಟಲೆ ಕೇಳುವ ತರಬೇತಿ ಕೇಂದ್ರಗಳ ಬಗ್ಗೆ ಹುಷಾರಾಗಿರಬೇಕು. ಮೂರು ಪ್ರಶ್ನೆ ಕೇಳಿ: ಕಟ್ಟುವ ಹಣದಲ್ಲಿ ಪರೀಕ್ಷಾ ಶುಲ್ಕ ಸೇರಿದೆಯೇ? ಪ್ರತಿ ವಿದ್ಯಾರ್ಥಿಗೂ ಮುಟ್ಟಿ ಕಲಿಯಲು ರೂಟರ್, ಸ್ವಿಚ್ ಇದೆಯೇ? ಕೆಲಸ ಸಿಗದಿದ್ದರೆ ಹಣ ವಾಪಸು ಎಂಬುದನ್ನು ಬರಹದಲ್ಲಿ ಕೊಡುತ್ತೀರಾ? ಮೂರನೆಯ ಪ್ರಶ್ನೆಗೆ ಮಾತು ಬದಲಿಸುವವರಿಂದ ಎದ್ದು ಬರುವುದು ಒಳಿತು. ಕೇಂದ್ರವೇ ಕೊಡುವ ‘ಕೋರ್ಸ್ ಮುಗಿಸಿದ ಪತ್ರ’ ಬೇರೆ, ಸಿಸ್ಕೊ ಕೊಡುವ ಸರ್ಟಿಫಿಕೇಟ್ ಬೇರೆ ಎಂಬುದೂ ನೆನಪಿರಲಿ.

ಇನ್ನೊಂದು ಪಿಡುಗು ‘ಡಂಪ್’. ಕದ್ದ ಪ್ರಶ್ನೆಗಳನ್ನು ಉರುಹೊಡೆಸುವ ಅಡ್ಡದಾರಿ ಇದು. ಸಿಕ್ಕಿಬಿದ್ದರೆ ಸರ್ಟಿಫಿಕೇಟ್ ರದ್ದಾಗುತ್ತದೆ, ಮುಂದೆ ಪರೀಕ್ಷೆಗೆ ಕೂರದಂತೆ ತಡೆಯೂ ಬೀಳಬಹುದು. ಸಿಕ್ಕಿಬೀಳದಿದ್ದರೂ ಮೊದಲ ಸಂದರ್ಶನದಲ್ಲಿ ‘64ರಲ್ಲಿ 62 ಏಕೆ?’ ಎಂದು ಕೇಳಿದಾಗ ಬಣ್ಣ ಬಯಲಾಗುತ್ತದೆ.

ಒಂದು ತಿಂಗಳ ಪರೀಕ್ಷೆ

ಹಾಗಾದರೆ ಮಗ ಕೇಳಿದಾಗ ಪಾಲಕರು ಏನು ಹೇಳಬೇಕು? ‘ಬೇಡ’ ಎಂದು ಗದರುವುದಕ್ಕಿಂತ ‘ಒಂದು ತಿಂಗಳು ಮಾಡಿ ತೋರಿಸು’ ಎನ್ನುವುದು ಮೇಲು. ಸಿಸ್ಕೊ 1997ರಿಂದ ನಡೆಸುತ್ತಿರುವ ನೆಟ್‌ವರ್ಕಿಂಗ್ ಅಕಾಡೆಮಿಯ ‘ಪ್ಯಾಕೆಟ್ ಟ್ರೇಸರ್’ ಎಂಬ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಅದರಲ್ಲಿ ರೂಟರ್, ಸ್ವಿಚ್‌ಗಳನ್ನು ಪರದೆಯ ಮೇಲೆಯೇ ಜೋಡಿಸಿ, ಕೆಡಿಸಿ, ಸರಿಮಾಡಿ ಕಲಿಯಬಹುದು. ಒಂದು ರೂಪಾಯಿಯೂ ಖರ್ಚಿಲ್ಲ.

ಕಾಲೇಜು ಪ್ರವೇಶದ ಕೊನೆಯ ದಿನದೊಳಗೆ ಆತ ನಾಲ್ಕು ಕೋಣೆಗಳ ಒಂದು ಕಚೇರಿಯ ಜಾಲವನ್ನು ಅದರಲ್ಲಿ ಕಟ್ಟಿ, ಏಕೆ ಹೀಗೆ ಕಟ್ಟಿದೆ ಎಂದು ಮನೆಯವರಿಗೆ ಕನ್ನಡದಲ್ಲಿ ವಿವರಿಸಬಲ್ಲನಾದರೆ ಆಸಕ್ತಿ ನಿಜವೆಂದು ತಿಳಿಯಬಹುದು. ಹತ್ತೇ ದಿನಕ್ಕೆ ಬೇಸರ ಬಂದರೆ ಕಳೆದುಕೊಂಡದ್ದು ಏನೂ ಇಲ್ಲ. ಎರಡರಲ್ಲಿ ಯಾವುದೇ ಆದರೂ ಪದವಿಯ ಅರ್ಜಿಯನ್ನು ಮಾತ್ರ ತುಂಬಿಟ್ಟಿರಬೇಕು. ಜಾಲದ ಪರೀಕ್ಷೆಯನ್ನು ವರ್ಷದ ಯಾವ ತಿಂಗಳಲ್ಲಾದರೂ ಬರೆಯಬಹುದು; ಕಾಲೇಜಿನ ಪ್ರವೇಶ ತಪ್ಪಿದರೆ ಮುಂದಿನ ಮಳೆಗಾಲದವರೆಗೆ ಕಾಯಬೇಕು.